ನಾಲ್ಕನೇ ಫೈಲು ಯಾಕೆ ಕುಗ್ಗಿತು?

"ನಾನೇನೋ ಕೊಡೋಣ ಅಂತಲೇ ಇದ್ದೀನಿ ಮೇಡಂ. ಪೆನ್‌ಡ್ರೈವೇ ಬೇಡ ಅಂತಿದೆ, ಏನು ಮಾಡ್ಲಿ?" ಎಂದು ಕ್ಯಾಮೆರಾ ಕೋಣೆಯ ಬೆಣ್ಣೆ ಎರಡೂ ಕೈ ಚೆಲ್ಲಿದ.

ಪರದೆಯ ಮೇಲೆ ಸಂದೇಶವೊಂದು ಬಂದು ಕೂತಿತ್ತು. ಫೈಲು ತುಂಬ ದೊಡ್ಡದಂತೆ, ಹಿಡಿಸುವುದಿಲ್ಲವಂತೆ. ಪೆನ್‌ಡ್ರೈವಿನ ಮುಕ್ಕಾಲು ಪಾಲು ಖಾಲಿ ಬಿದ್ದಿದೆ ಎಂದೂ ಅದರ ಪಕ್ಕದಲ್ಲೇ ತೋರಿಸುತ್ತಿತ್ತು.

ಮುಂಗುಸಿಗೆ ನಗು ಬಂತು. ಪೊಲೀಸ್ ಇಲಾಖೆಯ ಕಂಪ್ಯೂಟರ್ ವಿಭಾಗದಲ್ಲಿದ್ದಾಗ ಸಹೋದ್ಯೋಗಿಗಳು ಅವಳಿಗೆ ಇಟ್ಟ ಹೆಸರು ಅದು. ಬಿಲದ ಬಾಯಿಗೆ ಹೋಗಿ ಕೂತರೆ ಹಾವು ಹೊರಬರುವ ತನಕ ಏಳುವವಳಲ್ಲ. ಕೆಲಸ ಬಿಟ್ಟು ಖಾಸಗಿ ಪತ್ತೇದಾರಿಕೆಗೆ ಇಳಿದ ಮೇಲೂ ಹೆಸರು ಬೆನ್ನು ಬಿಡಲಿಲ್ಲ.

"ಜಾಗ ಇಲ್ಲ ಅಂತ ಅದು ಹೇಳ್ತಿಲ್ಲ ಸಾರ್. ಓಬೀರಾಯನ ಕಾಲದ ಪದ್ಧತೀಲಿ ಇದನ್ನ ಫಾರ್ಮ್ಯಾಟ್ ಮಾಡಿದ್ದೀರಿ. ಇದರಲ್ಲಿ ಒಂದು ಫೈಲು ನಾಲ್ಕು ಜಿಬಿ ಮೀರೋ ಹಾಗಿಲ್ಲ. ಗೋದಾಮು ದೊಡ್ಡದು, ಬಾಗಿಲು ಚಿಕ್ಕದು. ಇಷ್ಟು ವರ್ಷ ಕ್ಯಾಮೆರಾ ಕೋಣೆ ನೋಡ್ಕೊಂಡಿರೋ ನಿಮಗೆ ಇದು ಗೊತ್ತಿಲ್ಲ ಅಂದ್ರೆ ನಂಬೋಕೆ ನಾನೇನು ಕಿವೀಲಿ ಹೂ ಇಟ್ಕೊಂಡು ಬಂದಿದ್ದೀನಾ?"

ಬೆಣ್ಣೆ ಎಂದರೆ ಸರಕು ಅಂಗಳದ ಕ್ಯಾಮೆರಾ ಅಧಿಕಾರಿ. ಮಾತು ಅಷ್ಟು ನಯ, ಮುಖ ಅಷ್ಟು ನುಣುಪು, ಆ ಹೆಸರು ಬಂದದ್ದೂ ಅದಕ್ಕೇ. ಮುಂಗುಸಿಯ ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಡೆ ತಿರುಗಿ, "ನೀವಾದ್ರೂ ಹೇಳಿ ಅತ್ತಿಗೆ. ನಾನು ಅಡ್ಡಗಾಲು ಹಾಕೋ ಮನುಷ್ಯನಾ?" ಎಂದ. ಅಕ್ಕನ ಗಂಡನನ್ನು ಅವನು ಸ್ನೇಹದ ಸಲಿಗೆಯಲ್ಲಿ ಅಣ್ಣ ಎನ್ನುತ್ತಿದ್ದ.

ಅಕ್ಕ ಪರದೆಯ ಕಡೆಗೇ ನೋಡುತ್ತಿದ್ದಳು. ಇದೇ ಅಂಗಳದ ವೇಬ್ರಿಡ್ಜಿನಲ್ಲಿ ಲಾರಿ ತೂಗುವ ಕೆಲಸ ಅವಳದು. ಗಂಡನನ್ನು ಪೊಲೀಸರು ಕರೆದೊಯ್ದ ದಿನದಿಂದ ಅವಳ ಬಾಯಿಗೆ ಬೀಗ ಬಿದ್ದಿತ್ತು. ಒಂದೇ ಒಂದು ಮಾತು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದಳು: ಆ ರೆಕಾರ್ಡಿಂಗ್ ತರಿಸು ಕಣೇ.

ಕ್ರೇನಿನಿಂದ ಇಳಿಯುತ್ತಿದ್ದ ಕಂಟೇನರಿನ ಅಡಿಗೆ ಸಿಕ್ಕಿ ಅಂಗಳದ ಮೇಸ್ತ್ರಿ ಸತ್ತಿದ್ದ. ಕ್ರೇನ್ ನಡೆಸುತ್ತಿದ್ದವನು ನಾನೇ, ಎಚ್ಚರ ತಪ್ಪಿದ್ದೂ ನಾನೇ ಎಂದು ಭಾವ ಒಪ್ಪಿಕೊಂಡು ಕೂತಿದ್ದ. ಕೊಕ್ಕೆಗೆ ಮೊಟ್ಟೆ ಕಟ್ಟಿಕೊಟ್ಟರೂ ಒಡೆಯದಂತೆ ಇಳಿಸುವ ಭಾವ! ಮುಂಗುಸಿ ಅದನ್ನು ನಂಬಲಿಲ್ಲ. ಸಂಜೆ ಐದಕ್ಕೆ ಕಂಪನಿಯ ವಿಚಾರಣೆ ಮುಗಿದು ಅದರ ವರದಿ ಪೊಲೀಸರಿಗೆ ಹೋಗುತ್ತದೆ. ಅಷ್ಟರೊಳಗೆ ರೆಕಾರ್ಡಿಂಗ್ ಮುಟ್ಟದಿದ್ದರೆ ಭಾವನ ತಪ್ಪೊಪ್ಪಿಗೆಯೇ ಕೊನೆಯ ಮಾತಾಗಿ, ಅವನು ಕೊಲೆಗಾರನಷ್ಟೇ ಸಲೀಸಾಗಿ ಜೈಲಿಗೆ ಹೋಗುತ್ತಾನೆ.

ವಿಚಾರಣಾಧಿಕಾರಿಯಾಗಿ ಕೂತಿದ್ದವರು ಕಂಪನಿಯ ಸುರಕ್ಷತಾ ಮುಖ್ಯಸ್ಥರು. ಅಂಗಳವೆಲ್ಲ ಅವರನ್ನು ದೊಡ್ಡವರು ಎಂದೇ ಕರೆಯುತ್ತಿತ್ತು. "ಇಡೀ ರೆಕಾರ್ಡಿಂಗ್ ತಗೊಂಡು ಬನ್ನಿ ತಾಯಿ, ನ್ಯಾಯ ಮಾಡೋಣ" ಎಂದು ಅವರೇ ಅಪ್ಪಣೆ ಕೊಟ್ಟಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಪೂಜಾರಿ ಇಲ್ಲಿ ಪೆನ್‌ಡ್ರೈವ್ ಹಿಡಿದು ಕೂತಿದ್ದ.

"ಹೋಗ್ಲಿ, ವಿಡಿಯೋನ ಚಿಕ್ಕದು ಮಾಡಿ ಮೇಲ್ ಮಾಡ್ಲಾ?"

"ಚಿಕ್ಕದು ಮಾಡೋದು ಅಂದ್ರೆ ಹೊಸದಾಗಿ ಬರೆಯೋದು. ಆಮೇಲೆ ನೀವೇ ಎದ್ದು ನಿಂತು, ಇದು ನಮ್ಮ ಮೂಲ ಅಲ್ಲ ಅಂತೀರಿ."

"ಹಾಗಾದ್ರೆ ನೆಟ್ಟಲ್ಲಿ ಹಾಕಿ ಲಿಂಕ್ ಕಳಿಸ್ತೀನಿ."

"ಯಾರ ಖಾತೆಗೆ ಹಾಕ್ತೀರಿ?"

"ಕಂಪನೀದೇ."

"ಹಾಕೋರೂ ನೀವೇ, ಬೇಕಾದಾಗ ತೆಗೆಯೋರೂ ನೀವೇ. ಚೆನ್ನಾಗಿದೆ! ನೋಡಿ ಸಾರ್, ನನ್ನದು ಒಂದೇ ಮಾತು. ಇದು ನನ್ನ ಹಾರ್ಡ್‌ಡಿಸ್ಕ್. ಇದ್ದ ಫೈಲು ಇದ್ದ ಹಾಗೇ ಇದಕ್ಕೆ ಬರಬೇಕು. ಒಂದು ಚೂರೂ ಹೆಚ್ಚು ಕಮ್ಮಿ ಆಗಬಾರದು. ಇಲ್ಲಿ ಒಂದು ಸಲ, ನನ್ನ ಡಿಸ್ಕಿನ ಮೇಲೆ ಒಂದು ಸಲ ಫೈಲಿನ ಬೆರಳಚ್ಚು ತೆಗೀಬೇಕು."

ಬೆರಳಚ್ಚು ಎಂಬುದು ಮುಂಗುಸಿ ಇಟ್ಟುಕೊಂಡ ಮಾತು. ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿ ಕಂಪ್ಯೂಟರು ಒಂದು ಸಾಲು ಅಕ್ಷರ ಅಂಕಿ ಕೊಡುತ್ತದೆ. ಅಷ್ಟು ದೊಡ್ಡ ಫೈಲಿನಲ್ಲಿ ಎಲ್ಲೋ ಒಂದು ಚುಕ್ಕೆ ಬದಲಾದರೂ ಆ ಸಾಲು ಪೂರಾ ಬೇರೆಯಾಗುತ್ತದೆ. ಎರಡು ಕಡೆಯ ಸಾಲೂ ಒಂದೇ ಇದ್ದರೆ ಫೈಲು ದಾರಿಯಲ್ಲಿ ಯಾರ ಕೈಗೂ ಸಿಕ್ಕಿಲ್ಲ ಎಂದರ್ಥ.

ಬೆಣ್ಣೆಯ ಕೈ ಮೌಸಿನ ಮೇಲೆ ಸುಮ್ಮನೆ ಆಡಿತು. ಆಮೇಲೆ ಏನೋ ಹೊಳೆದವನಂತೆ ಮುಖ ಅರಳಿಸಿದ.

"ಅಯ್ಯೋ, ಅಷ್ಟೇನಾ? ಲಿಂಕ್ ಕಳಿಸೋಕೆ ಅಂತ ನಾಲ್ಕೂ ಕ್ಯಾಮೆರಾ ಫೈಲನ್ನ ನಿನ್ನೇನೇ ಜಿಪ್ ಮಾಡಿ ಒಂದು ಗಂಟು ಕಟ್ಟಿಟ್ಟಿದ್ದೀನಿ. ಅದನ್ನೇ ತಗೊಳ್ಳಿ. ಜಿಪ್ ಮಾಡಿದ್ರೆ ಫೈಲಿಗೆ ಏನೂ ಆಗಲ್ಲ, ನಿಮಗೇ ಗೊತ್ತಲ್ಲ?"

ಮಾತು ಸರಿಯಾಗಿತ್ತು. ಬಟ್ಟೆ ಮಡಚಿ ಪೆಟ್ಟಿಗೆಗೆ ಇಟ್ಟಂತೆ ಅದು. ಬಿಚ್ಚಿದರೆ ಇದ್ದದ್ದು ಇದ್ದ ಹಾಗೇ ಸಿಗುತ್ತದೆ. ಮುಂಗುಸಿ ಕುರ್ಚಿ ಎಳೆದುಕೊಂಡು, "ತೆಗೀರಿ, ಒಳಗೇನಿದೆ ನೋಡೋಣ" ಎಂದಳು.

ಗಂಟು ತೆರೆಯಿತು. ಒಳಗೆ ನಾಲ್ಕು ಹೆಸರು. ಗೇಟಿನ ಕ್ಯಾಮೆರಾ, ಗೋದಾಮಿನದು, ವೇಬ್ರಿಡ್ಜಿನದು, ಕ್ರೇನಿನದು. ನಾಲ್ಕರ ಗಾತ್ರವೂ ಸರಿಸಮ. ರೆಕಾರ್ಡರ್ ಎಲ್ಲ ಫೈಲುಗಳಿಗೂ ಒಂದೇ ಅಳತೆ ಹಾಕಿಕೊಡುತ್ತದೆ, ಅದರಲ್ಲಿ ವಿಶೇಷವೇನಿರಲಿಲ್ಲ.

ಬೆಣ್ಣೆ ಗಂಟನ್ನು ಮುಚ್ಚಲು ಹೊರಟ. ಮುಂಗುಸಿ ಅವನ ಮಣಿಕಟ್ಟಿನ ಮೇಲೆ ಪೆನ್ನಿಟ್ಟು ತಡೆದಳು. ಪ್ರತಿ ಹೆಸರಿನ ಎದುರು ಇನ್ನೊಂದು ಅಂಕಿ ಇತ್ತು, ಹಿಂಡಿದ ಮೇಲೆ ಫೈಲು ಎಷ್ಟಾಯಿತು ಎಂಬುದು. ಮೊದಲ ಮೂರು ಫೈಲುಗಳು ಹಿಂಡಿದ ಮೇಲೂ ಇದ್ದಷ್ಟೇ ಇದ್ದವು. ನಾಲ್ಕನೆಯದು ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

"ಸಾರ್, ಕ್ರೇನಿನ ಫೈಲು ಯಾಕೆ ಕುಗ್ಗಿದೆ?"

"ಜಿಪ್ ಮಾಡಿದ್ರೆ ಕುಗ್ಗುತ್ತೆ ಮೇಡಂ. ಅದಕ್ಕೇ ತಾನೇ ಜಿಪ್ ಮಾಡೋದು?" ಬೆಣ್ಣೆ ನಕ್ಕ.

"ಉಳಿದ ಮೂರು ಯಾಕೆ ಕುಗ್ಗಲಿಲ್ಲ?"

ನಗು ತುಟಿಯ ಮೇಲೇ ಉಳಿಯಿತು, ಕಣ್ಣಿನಿಂದ ಹೊರಟುಹೋಯಿತು.

"ನಾನು ಹೇಳ್ತೀನಿ, ನೀವು ಕೇಳಿ," ಎಂದು ಮುಂಗುಸಿ ಕುರ್ಚಿಯನ್ನು ಅವನಿಗೆ ಎದುರಾಗಿ ತಿರುಗಿಸಿದಳು. "ವಿಡಿಯೋ ಅನ್ನೋದನ್ನ ಕ್ಯಾಮೆರಾನೇ ಹಿಂಡಿ ಹಿಪ್ಪೆ ಮಾಡಿ ಕೊಟ್ಟಿರುತ್ತೆ. ಅದನ್ನ ಮತ್ತೆ ಹಿಂಡಿದ್ರೆ ಏನೂ ಇಳಿಯಲ್ಲ. ಕಲ್ಲು ಹಿಂಡಿದ ಹಾಗೆ. ಮೂರು ಫೈಲು ಕಲ್ಲಿನ ಹಾಗೇ ಕೂತಿವೆ ನೋಡಿ. ನಾಲ್ಕನೇದು ಮಾತ್ರ ಹತ್ತಿ ಹಾಗೆ ಮುಷ್ಟಿಗೆ ಬಂತು. ಅಷ್ಟು ಚೆನ್ನಾಗಿ ಹಿಂಡೋಕೆ ಬರೋದು ಒಂದೇ ಒಂದು. ಏನೂ ಇಲ್ಲದ ಜಾಗ!"

"ಏನು ಮಾತೂಂತ ಆಡ್ತೀರಿ..."

"ಮಾತು ಯಾಕೆ? ತೆಗೆದೇ ನೋಡೋಣ."

ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಕ್ರೇನಿನ ಫೈಲನ್ನು ವಿಡಿಯೋ ಎಂದು ಓಡಿಸಲಿಲ್ಲ. ಅದರ ಒಳಗಿನ ಅಂಕಿಗಳನ್ನೇ ಬಿಚ್ಚಿ ಹರಡಿದಳು. ಮೊದಲಿಗೆ ಎಳ್ಳು ಚೆಲ್ಲಿದಂತೆ ಅಕ್ಷರ, ಅಂಕಿ ಒತ್ತೊತ್ತಾಗಿ ಬಂದವು. ಕೆಳಗೆ ಇಳಿಯುತ್ತ ಹೋದಳು. ಒಂದು ಕಡೆ ಎಲ್ಲ ನಿಂತುಹೋಯಿತು. ಅಲ್ಲಿಂದ ಸೊನ್ನೆ. ಸಾಲು ಸಾಲು ಸೊನ್ನೆ. ಫೈಲಿನ ತುದಿಯವರೆಗೂ ಸೊನ್ನೆ.

ಯಾರೋ ಬಹಳ ಜಾಣತನದಿಂದ ಕೆಲಸ ಮಾಡಿದ್ದರು. ಕತ್ತರಿಸಿದ್ದರೆ ಗಾತ್ರ ಕಮ್ಮಿಯಾಗಿ ಮೊದಲ ನೋಟಕ್ಕೇ ಸಿಕ್ಕಿಬೀಳುತ್ತಿದ್ದರು. ಅದಕ್ಕೇ ಅಳಿಸಿದ ಜಾಗದಲ್ಲಿ ಅಷ್ಟೇ ಸೊನ್ನೆ ತುಂಬಿ ತೂಕ ಸರಿಮಾಡಿಟ್ಟಿದ್ದರು. ಆಮೇಲೆ ಅದೇ ಜಾಣ ಆ ಫೈಲನ್ನು ಜಿಪ್ ಮಾಡಿದ್ದ. ಹಿತ್ತಲಲ್ಲಿ ಹೂತದ್ದನ್ನು ತಾನೇ ಕೆದರಿ ಅಂಗಳಕ್ಕೆ ತಂದಿಟ್ಟಂತೆ.

"ಹಾರ್ಡ್‌ಡಿಸ್ಕ್ ಕೆಟ್ಟಿರಬೇಕು," ಎಂದ ಬೆಣ್ಣೆ. ದನಿಯಲ್ಲಿ ನಯ ಇರಲಿಲ್ಲ.

"ಕೆಟ್ಟ ಡಿಸ್ಕು ಇಷ್ಟು ಅಚ್ಚುಕಟ್ಟಾಗಿ ಕೆಡಲ್ಲ ಸಾರ್. ನಾಲ್ಕು ಫೈಲಲ್ಲಿ ಇದೊಂದನ್ನೇ ಆರಿಸಿ, ಇಲ್ಲಿಂದ ತುದೀವರೆಗೆ ಅಂತ ಗೆರೆ ಎಳೆದು ಕೆಡಲ್ಲ."

"ನೀವು ಯಾರ ಹತ್ರ ಮಾತಾಡ್ತಿದ್ದೀರಿ ಗೊತ್ತಾ? ಅಪ್ಪಣೆ ಇದೆ ಅಂತ ಒಳಗೆ ಬಿಟ್ಟಿದ್ದೀನಿ. ಒಂದು ಫೋನ್ ಮಾಡಿದ್ರೆ ಗೇಟಿನ ಆಚೆ ಇರ್ತೀರಿ."

"ಮಾಡಿ."

ಬೆಣ್ಣೆ ಫೋನಿನ ಕಡೆ ನೋಡಿದ. ಮುಂಗುಸಿ ಫೋನನ್ನು ತಾನೇ ಎತ್ತಿ ಅವನ ಮುಂದಿಟ್ಟಳು.

"ಮಾಡಿ ಸಾರ್! ದೊಡ್ಡವರಿಗೇ ಮಾಡಿ. ಸಾಕ್ಷಿಯ ಫೈಲಿಗೆ ಸೊನ್ನೆ ಬರೆದಿದ್ದೀನಿ, ಈ ಹೆಂಗಸು ಕಂಡುಹಿಡಿದುಬಿಟ್ಟಳು, ಆಚೆ ಹಾಕಿ ಅಂತ ಹೇಳಿ. ನಾನು ಅಲ್ಲಾಡಲ್ಲ. ಇಲ್ಲೇ ಕೂತಿರ್ತೀನಿ. ಎತ್ಕೊಂಡು ಹೋಗೋಕೆ ಎಷ್ಟು ಜನ ಬೇಕೋ ಕರೆಸಿ."

ಅವಳಿಗೆ ಕೋಪ ನೆತ್ತಿಗೇರಿತ್ತು. ಲಾಕಪ್ಪಿನ ಸರಳಿನ ಹಿಂದೆ ಭಾವ ಕಣ್ಣು ತಪ್ಪಿಸಿ, "ಬಿಟ್ಟುಬಿಡಮ್ಮಾ, ನನ್ನ ಹಣೆಬರಹ" ಎಂದದ್ದು ಕಿವಿಯಲ್ಲೇ ಇತ್ತು. ಹಣೆಬರಹವಂತೆ! ಈ ಕೋಣೆಯಲ್ಲಿ ಕೂತು ಯಾರೋ ಕೀಬೋರ್ಡಿನಲ್ಲಿ ಬರೆದ ಬರಹ ಅದು.

ಬೆಣ್ಣೆ ಫೋನ್ ಮುಟ್ಟಲಿಲ್ಲ. ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡು, ಅಕ್ಕನ ಕಡೆ ಒಂದು ಸಲ ಕಳ್ಳನೋಟ ಬೀರಿದ. "ಅದು ಹೋಯ್ತು ಮೇಡಂ. ವಾಪಸ್ ಬರಲ್ಲ. ಬಿಟ್ಟುಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಆಗ ಅಕ್ಕ ಮೊದಲ ಬಾರಿಗೆ ಗೋಡೆ ಬಿಟ್ಟು ಮುಂದೆ ಬಂದಳು.

"ಕ್ರೇನಿನ ಕ್ಯಾಮೆರಾಗೆ ಒಳಗೇ ಒಂದು ಮೆಮೊರಿ ಕಾರ್ಡ್ ಇದೆ ಅಲ್ವೇನಪ್ಪಾ?" ಎಂದಳು. "ಗಾಳಿ ಜೋರಾದ್ರೆ ತಂತಿ ಅಲ್ಲಾಡಿ ಅಲ್ಲಿಗೆ ನೆಟ್ ಸಿಗಲ್ಲ. ಅದಕ್ಕೇ ಅದು ಯಾವಾಗ್ಲೂ ಕಾರ್ಡಿಗೂ ಬರ್ಕೊಳ್ಳುತ್ತೆ ಅಂತ ನಿಮ್ಮಣ್ಣ ಹೇಳ್ತಿದ್ರು."

ಬೆಣ್ಣೆಯ ಮುಖ ಸುಣ್ಣವಾಯಿತು.

"ಅತ್ತಿಗೆ, ನೀವೇ ಹೀಗಂದ್ರೆ..."

"ನಾನೇ ಹೀಗಂದೆ," ಎಂದಳು ಅಕ್ಕ.

ಕಾರ್ಡಿನಲ್ಲಿರುವುದನ್ನು ಕೋಣೆಯಿಂದಲೇ ತಂತಿಯ ಮೂಲಕ ತರಿಸಿಕೊಳ್ಳಬಹುದಿತ್ತು. ಆದರೆ ಕ್ರೇನಿನ ಆ ಹಳೆಯ ತಂತಿಯಲ್ಲಿ ಅಷ್ಟು ದೊಡ್ಡ ಫೈಲು ಹನಿ ಹನಿಯಾಗಿ ಇಳಿಯುವಷ್ಟರಲ್ಲಿ ವಿಚಾರಣೆ ಮುಗಿದು ಭಾವನಿಗೆ ಶಿಕ್ಷೆಯೂ ಆಗಿರುತ್ತಿತ್ತು. ಕಾರ್ಡನ್ನು ಕಿತ್ತು ಜೇಬಿಗೆ ಹಾಕಿಕೊಂಡು ಬರುವುದಕ್ಕಿಂತ ವೇಗದ ತಂತಿ ಆ ಅಂಗಳದಲ್ಲಿ ಇರಲಿಲ್ಲ. ಮೂವರೂ ಕೆಳಗಿಳಿದರು.

ಅಂಗಳದಲ್ಲಿ ಬಿಸಿಲು ಕಬ್ಬಿಣದ ಮೇಲೆ ಕೂತಿತ್ತು. ಕೆಂಪು, ನೀಲಿ ಕಂಟೇನರುಗಳ ನಡುವೆ ಕ್ರೇನು ಕೆಲಸವಿಲ್ಲದೆ ನಿಂತಿತ್ತು. ಪೊಲೀಸರು ತನಿಖೆ ಮುಗಿಸಿ ಕಟ್ಟಿದ್ದ ಪಟ್ಟಿ ಒಂದು ತುದಿ ಬಿಚ್ಚಿಕೊಂಡು ಹಾರುತ್ತಿತ್ತು. ಕ್ಯಾಮೆರಾ ಇದ್ದದ್ದು ಚಾಲಕನ ಕ್ಯಾಬಿನ್ನಿನ ಪಕ್ಕದ ಕಂಬದಲ್ಲಿ, ತಲೆ ಎತ್ತಿದರೆ ಕುತ್ತಿಗೆ ನೋಯುವಷ್ಟು ಮೇಲೆ.

"ಯಾರನ್ನಾದ್ರೂ ಹತ್ತಿಸಬೇಕು," ಎಂದಳು ಮುಂಗುಸಿ. ಹಾವಿಗೆ ಹೆದರದ ಅವಳಿಗೆ ಏಣಿ ಎಂದರೆ ಭಯ.

ಅವಳು ಮಾತು ಮುಗಿಸುವುದರೊಳಗೆ ಅಕ್ಕ ಚಪ್ಪಲಿ ಕಳಚಿಟ್ಟು ಏಣಿ ಹಿಡಿದಿದ್ದಳು. ಮೆಟ್ಟಿಲು ನೋಡಲಿಲ್ಲ, ಕೈಗೆ ಹಿಡಿ ಹುಡುಕಲಿಲ್ಲ. ನಡುವೆ ಏಣಿ ಎಡಕ್ಕೆ ತಿರುಗುವಲ್ಲಿ, ಕೆಳಗಿನಿಂದ ಕಾಣದ ಒಂದು ಕಂಬಿಗೆ ಕಣ್ಣುಮುಚ್ಚಿದವಳಂತೆ ಕೈ ಚಾಚಿದಳು. ಕಂಬಿ ಅಲ್ಲೇ ಇತ್ತು. ಅಡುಗೆಮನೆಯ ಕತ್ತಲಲ್ಲಿ ಉಪ್ಪಿನ ಡಬ್ಬಿಗೆ ಕೈ ಹೋಗುವ ಹಾಗೆ.

ಮುಂಗುಸಿ ನೋಡುತ್ತ ನಿಂತಳು. ವೇಬ್ರಿಡ್ಜಿನವಳಿಗೆ ಈ ಏಣಿ ಇಷ್ಟು ಪರಿಚಯ ಹೇಗೆ? ಅದನ್ನು ಆಮೇಲೆ ಕೇಳೋಣ ಎಂದುಕೊಂಡಳು.

ಪಕ್ಕದಲ್ಲಿ ಬೆಣ್ಣೆ ತಗ್ಗಿದ ದನಿಯಲ್ಲಿ ಹೇಳಿದ. "ಈಗಲೂ ಸಮಯ ಇದೆ. ಕಾರ್ಡ್ ನನ್ನ ಕೈಗೆ ಕೊಡ್ಸಿ."

"ನನ್ನ ಹೆಣದ ಮೇಲೆ," ಎಂದಳು ಮುಂಗುಸಿ.

ಕೋಣೆಗೆ ಮರಳಿದ ಮೇಲೆ ಅವಳು ಆತುರ ಪಡಲಿಲ್ಲ. ಕಾರ್ಡಿನ ಬದಿಯ ಸಣ್ಣ ಕೀಲನ್ನು ಸರಿಸಿ, ಅದರ ಮೇಲೆ ಯಾರೂ ಹೊಸದಾಗಿ ಬರೆಯದಂತೆ ಮಾಡಿದಳು. ಮೊದಲು ಕಾರ್ಡಿನ ಮೇಲೇ ಫೈಲಿನ ಬೆರಳಚ್ಚು ತೆಗೆದಳು. ಆಮೇಲೆ ತನ್ನ ಡಿಸ್ಕಿಗೆ ಕಾಪಿ ಮಾಡಿದಳು. ಮತ್ತೆ ಬೆರಳಚ್ಚು ತೆಗೆದಳು. ಎರಡು ಸಾಲನ್ನೂ ಅಕ್ಷರ ಅಕ್ಷರ ತಾಳೆ ನೋಡಿದಳು. ಒಂದೇ ಇತ್ತು. ಕಾರ್ಡನ್ನು ಲಕೋಟೆಗೆ ಹಾಕಿ ಅಂಟಿಸಿ, ಅಕ್ಕನ ಕೈಗೆ ಕೊಟ್ಟಳು. ನಂತರವೇ ಕಾಪಿಯನ್ನು ಓಡಿಸಿದಳು.

ಚಿತ್ರದ ಎಡಕ್ಕೆ ಕ್ಯಾಬಿನ್ನಿನ ಗಾಜು, ಬಲಕ್ಕೆ ಕೆಳಗಿನ ಅಂಗಳ. ಗಾಜಿನ ಮೇಲೆ ಬಿಸಿಲು ಹೊಳೆದು ಒಳಗಿನವರ ಮುಖ ಕಾಣುತ್ತಿರಲಿಲ್ಲ. ಕಂಟೇನರು ಮೇಲೇಳಿತು, ತಿರುಗಿತು. ಸೊನ್ನೆಗಳು ಶುರುವಾಗಿದ್ದ ಜಾಗ ಬಂತು. ಒಂದು ಮೋಡ ಸೂರ್ಯನಿಗೆ ಅಡ್ಡವಾಗಿ ಗಾಜು ತಿಳಿಯಾಯಿತು.

ಕ್ಯಾಬಿನ್ನಿನಲ್ಲಿ ಕೂತಿದ್ದವಳು ಅಕ್ಕ.

ಭಾವ ಅವಳ ಹಿಂದೆ, ನೆಲದ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ.

ಮುಂಗುಸಿ ಚಿತ್ರ ನಿಲ್ಲಿಸಿದಳು. ಕೋಣೆಯಲ್ಲಿ ರೆಕಾರ್ಡರಿನ ಫ್ಯಾನು ಗುಂಯ್‌ಗುಡುತ್ತಿತ್ತು. ಅವಳು ಕುರ್ಚಿ ತಿರುಗಿಸಿ ಅಕ್ಕನ ಮುಖ ನೋಡಿದಳು.

"ಅಣ್ಣನೇ ಬಂದು ನನ್ನ ಕಾಲು ಹಿಡಿದ," ಎಂದ ಬೆಣ್ಣೆ. ಈಗ ಅವನ ಮಾತಿನಲ್ಲಿ ಬೆಣ್ಣೆಯೂ ಇರಲಿಲ್ಲ, ಸುಣ್ಣವೂ ಇರಲಿಲ್ಲ. "ಪೊಲೀಸರು ಬರೋದಕ್ಕೆ ಮುಂಚೆ. ಅವಳ ಮುಖ ಕಾಣಬಾರದು ಕಣೋ ಅಂತ ಅತ್ತ. ನನ್ನ ಮದುವೆಗೆ ಹೆಣ್ಣು ತೋರಿಸಿದ್ದೇ ಅವನು ಮೇಡಂ. ಮುಖ ಕಂಡ ಕಡೆಯಿಂದ ಅಳಿಸಿಬಿಟ್ಟೆ. ಮುಂದಕ್ಕೆ ನೋಡೋ ಧೈರ್ಯ ನನಗೂ ಬರಲಿಲ್ಲ."

"ಅಕ್ಕಾ?"

"ಅವರಿಗೆ ಆಗಾಗ ತಲೆ ಸುತ್ತು ಬರ್ತಿತ್ತು ಕಣೇ," ಎಂದಳು ಅಕ್ಕ. "ಹೇಳಿದ್ರೆ ಕ್ರೇನಿಂದ ಇಳಿಸ್ತಾರೆ. ಸುತ್ತು ಬಂದಾಗೆಲ್ಲ ನಾನು ಹತ್ತಿ ಕೂರ್ತಿದ್ದೆ. ಅವರೇ ಕಲಿಸಿದ್ದು. ನನ್ನ ಹತ್ರ ಲೈಸೆನ್ಸಿಲ್ಲ, ಏನಿಲ್ಲ."

"ನನಗೆ ಯಾಕೆ ಹೇಳ್ಲಿಲ್ಲ ನೀನು? ಇಷ್ಟು ದಿನ ನಾನು ಊರೆಲ್ಲ ಅಲೆದಿದ್ದೀನಿ. ಒಂದು ಮಾತು ಹೇಳೋದಕ್ಕೆ ನಿನಗೇನಾಗಿತ್ತು?"

"ಬಾಯಿಬಿಟ್ಟು ಹೇಳಲ್ಲ ಅಂತ ಮಕ್ಕಳ ತಲೆ ಮೇಲೆ ಆಣೆ ಮಾಡಿಸ್ಕೊಂಡಿದ್ರು. ತೋರಿಸಬಾರದು ಅಂತ ಆಣೆ ಇರಲಿಲ್ಲ. ಅದಕ್ಕೇ ರೆಕಾರ್ಡಿಂಗ್ ತರಿಸು, ರೆಕಾರ್ಡಿಂಗ್ ತರಿಸು ಅಂತ ನಿನ್ನ ಜೀವ ತಿಂದೆ."

ಮುಂಗುಸಿಯ ಕೈ ಡಿಸ್ಕಿನ ಮೇಲಿತ್ತು. ಅದನ್ನು ಕೊಟ್ಟರೆ ಭಾವ ಹೊರಗೆ, ಅಕ್ಕ ಒಳಗೆ. ಕೊಡದಿದ್ದರೆ ಅವಳಿಗೂ ಬೆಣ್ಣೆಗೂ ಏನು ವ್ಯತ್ಯಾಸ? ಇದ್ದದ್ದು ಇದ್ದ ಹಾಗೇ ಬೇಕು, ಒಂದು ಚೂರೂ ಹೆಚ್ಚು ಕಮ್ಮಿ ಆಗಬಾರದು ಎಂದು ಕುಣಿದವಳು ಅವಳೇ. ಈಗ ಒಂದೇ ಒಂದು ಚೂರು ಕಮ್ಮಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮನಸ್ಸು ಹೇಳುತ್ತಿತ್ತು. ಆ ಮನಸ್ಸಿನ ಮೇಲೆ ಅವಳಿಗೆ ಅಸಹ್ಯವಾಯಿತು.

"ಯಾಕೆ ನಿಲ್ಲಿಸಿದೆ?" ಎಂದು ಅಕ್ಕ ಗದರಿದಳು. "ಮುಂದೆ ನೋಡು. ನಾನು ತರಿಸು ಅಂದಿದ್ದು ನನ್ನ ಮುಖ ನೋಡೋಕಲ್ಲ."

ಚಿತ್ರ ಮುಂದೆ ಸರಿಯಿತು. ಕಂಟೇನರು ಗಾಳಿಯಲ್ಲಿ ನಿಂತಿತ್ತು. ಕೆಳಗೆ ಮೇಸ್ತ್ರಿ ನಡೆದುಬಂದ, ಕಂಟೇನರು ತಾನಾಗಿ ಇಳಿಯತೊಡಗಿತು. ಕ್ಯಾಬಿನ್ನಿನಲ್ಲಿ ಅಕ್ಕ ಕ್ರೇನ್ ನಡೆಸುವ ಲಿವರುಗಳನ್ನು ಒಮ್ಮೆ ಜಗ್ಗಿದಳು, ಇನ್ನೊಮ್ಮೆ ಜಗ್ಗಿದಳು. ಆಮೇಲೆ ಎರಡೂ ಕೈ ಬಿಟ್ಟು ಗಾಜನ್ನು ಗುದ್ದತೊಡಗಿದಳು. ಎರಡೂ ಕೈ ಗಾಜಿನ ಮೇಲಿದ್ದವು. ಲಿವರನ್ನು ಯಾರೂ ಮುಟ್ಟಿರಲಿಲ್ಲ.

ಕಂಟೇನರು ಇಳಿಯುತ್ತಲೇ ಇತ್ತು. ಮೇಸ್ತ್ರಿ ತಲೆ ಎತ್ತಿ ನೋಡಿದ, ಬೇಡ ಬೇಡ ಎಂದು ಬರಿಗೈ ಬೀಸಿದ. ಉಳಿದದ್ದನ್ನು ಮುಂಗುಸಿ ನೋಡಲಾರದೆ ನೋಡಿದಳು.

"ರಿಮೋಟು!" ಎಂದ ಬೆಣ್ಣೆ. "ರಿಪೇರಿ ಸಮಯಕ್ಕೆ ಅಂತ ಒಂದು ರಿಮೋಟ್ ಪೆಟ್ಟಿಗೆ ಇದೆ ಮೇಡಂ. ಅದಕ್ಕೆ ಕೀಲಿ ಹಾಕಿ ತಿರುಗಿಸಿದ್ರೆ ಮೇಲಿನ ಲಿವರು ಸತ್ತುಹೋಗುತ್ತೆ. ಕೆಳಗೆ ನಿಂತೋರು ನಡೆಸಬಹುದು."

"ಕೀಲಿ ಯಾರ ಹತ್ರ ಇರುತ್ತೆ?"

"ಎರಡೇ ಕೀಲಿ ಇರೋದು. ಒಂದು ಮೇಸ್ತ್ರಿ ಸೊಂಟದಲ್ಲಿ. ಹೆಣ ಎತ್ತುವಾಗಲೂ ಅಲ್ಲೇ ಇತ್ತು, ನಾನೇ ನೋಡಿದ್ದೀನಿ." ಬೆಣ್ಣೆ ಬಾಗಿಲ ಕಡೆ ನೋಡಿದ. "ಇನ್ನೊಂದು ಸುರಕ್ಷತಾ ಮುಖ್ಯಸ್ಥರ ಹತ್ರ. ದೊಡ್ಡವರ ಹತ್ರ."

ಇಡೀ ರೆಕಾರ್ಡಿಂಗ್ ತಗೊಂಡು ಬನ್ನಿ ತಾಯಿ ಎಂದಿದ್ದ ದೊಡ್ಡವರು. ಸಂಜೆ ಐದಕ್ಕೆ ಈ ಡಿಸ್ಕು ಯಾರ ಕೈ ಸೇರಬೇಕಿತ್ತೋ, ಆ ದೊಡ್ಡವರು.

ಮುಂಗುಸಿಯ ಮೊಬೈಲು ಅದುರಿತು. ಅವರದೇ ಕರೆ.

"ಏನು ತಾಯಿ, ಏಣಿ ಹತ್ತಿದ್ದನ್ನ ನಮ್ಮ ಹುಡುಗರು ನೋಡಿದ್ರು, ಕ್ರೇನಿನ ಕಾರ್ಡು ಸಿಕ್ಕಿತಂತೆ? ಸಂತೋಷ." ದನಿ ಮಗು ಮಲಗಿಸುವಷ್ಟು ಮೆತ್ತಗಿತ್ತು. "ಎಷ್ಟು ಕಾಪಿ ಮಾಡಿದ್ರಿ?"

ಇದ್ದದ್ದು ಒಂದು ಕಾರ್ಡು, ಒಂದು ಡಿಸ್ಕು. ಎರಡೂ ಈ ಕೋಣೆಯಲ್ಲೇ ಇದ್ದವು.

"ಎಷ್ಟು ಬೇಕು ಸಾರ್?" ಎಂದಳು ಮುಂಗುಸಿ.

ಆ ಕಡೆ ಕಾರಿನ ಹಾರ್ನು ಕೇಳಿಸಿತು. "ನೀವು ಬರೋದು ಬೇಡ. ನಾನೇ ಬರ್ತಿದ್ದೀನಿ. ಗೇಟ್ ದಾಟಿದೆ."

ಅವಳು ಫೋನ್ ಎಸೆದು ಲ್ಯಾಪ್‌ಟಾಪ್ ಎಳೆದುಕೊಂಡು, ಕೋಣೆಯ ನೆಟ್ಟಿನ ತಂತಿಯನ್ನು ಅದಕ್ಕೆ ಚುಚ್ಚಿದಳು. ಫೈಲು ಈ ಗೋಡೆಯ ಆಚೆ ಹೋಗಬೇಕು, ಭಾವನ ವಕೀಲರಿಗೆ ಮುಟ್ಟಬೇಕು, ಈಗಲೇ. ಕೋಣೆಯ ನೆಟ್ಟು ವೇಗದ್ದೇ, ಆದರೆ ಇಡಿಯಾಗಿ ಕಳಿಸಿದರೆ ನಡುದಾರಿಯಲ್ಲಿ ಕಡಿದು ಮೊದಲಿಂದ ಶುರುಮಾಡಬೇಕಾಗುತ್ತದೆ. ಅವಳು ಫೈಲನ್ನು ಗಂಟು ಕಟ್ಟಿ ತುಂಡು ತುಂಡು ಮಾಡಿದಳು. ಯಾವ ತುಂಡು ಕಡಿಯಿತೋ ಅದನ್ನಷ್ಟೇ ಮತ್ತೆ ಕಳಿಸಿದರಾಯಿತು. ಒಂದೇ ತೊಡಕು. ಕೊನೆಯ ತುಂಡು ಸೇರುವವರೆಗೆ ಆ ಕಡೆಯವರಿಗೆ ಗಂಟು ಬಿಚ್ಚಲು ಬರುವುದಿಲ್ಲ. ಒಂದು ತುಂಡು ಉಳಿದರೂ ಕಳಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ನಾನು ಜೈಲಿಗೆ ಹೋದ್ರೂ ಪರವಾಗಿಲ್ಲ, ಕಳಿಸು," ಎಂದಳು ಅಕ್ಕ. ಬಾಗಿಲ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನೆಲಕ್ಕೆ ಕಾಲೂರಿ ನಿಂತಳು.

ತುಂಡುಗಳು ಒಂದೊಂದಾಗಿ ಹೊರಟವು. ಮೆಟ್ಟಿಲ ಮೇಲೆ ಬೂಟಿನ ಸದ್ದು ಬಂತು. ಬಾಗಿಲು ಒಮ್ಮೆ ಅದುರಿತು.

"ಬಾಗಿಲು ತೆಗಿಯಪ್ಪಾ," ಎಂದಿತು ಮೆತ್ತಗಿನ ದನಿ. ಅದು ಹೆಂಗಸರಿಬ್ಬರಿಗೆ ಹೇಳಿದ್ದಲ್ಲ, ಬೆಣ್ಣೆಗೆ ಹೇಳಿದ್ದು. "ನೀನು ಮಾಡಿರೋ ಕೆಲಸ ನನಗೆ ಗೊತ್ತು. ಸೊನ್ನೆ ಬರೆದೋನು ನೀನು, ಒಳಗೆ ಹೋಗೋನೂ ನೀನೇ. ಆ ನೆಟ್ಟಿನ ತಂತಿ ಕಿತ್ತು ಬಾಗಿಲು ತೆಗಿ. ಎಲ್ಲ ಮರೆತುಬಿಡೋಣ."

"ಕ್ರೇನಲ್ಲಿ ಕೂತಿದ್ದೋಳು ನಾನು ಸಾರ್!" ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟೇ ಕೂಗಿದಳು. ಆ ದನಿ ಅಂಗಳದ ಕೊನೆಯ ಲಾರಿಗೂ ಕೇಳಿಸಿರಬೇಕು. "ನಾನೇ ಕೂತಿದ್ದೆ! ಆಣೆ ಹಾಳಾಗ್ಲಿ! ಬನ್ನಿ, ಎಲ್ಲಾರ ಮುಂದೆ ಕೇಳಿ, ಹೇಳ್ತೀನಿ!"

ಬಾಗಿಲಿಗೆ ಭುಜ ಬಡಿಯಿತು. ಚಿಲಕದ ಮೊಳೆಯೊಂದು ಸಡಿಲಿ ನೆಲಕ್ಕೆ ಬಿತ್ತು.

ಮುಂಗುಸಿ ಪರದೆ ನೋಡಿದಳು. ಕೊನೆಯ ತುಂಡು ಆಗತಾನೇ ಹೊರಡುತ್ತಿತ್ತು. ಆಮೇಲೆ ತಲೆ ಎತ್ತಿ ಬೆಣ್ಣೆಯನ್ನು ನೋಡಿದಳು.

ಅವನು ಎದ್ದು ಗೋಡೆಯ ಹತ್ತಿರ ಹೋಗಿದ್ದ. ಅವನ ಕೈ ನೆಟ್ಟಿನ ತಂತಿಯ ಮೇಲಿತ್ತು.